ಜಿಂಕೆಯ ಜಾಡಿನಲ್ಲಿ ಎಡಗಾಲು

ದೆವ್ವ, ಕುಲೆ, ಜಿನ್ನು ಇವುಗಳಲ್ಲಿ ಯಾವುದನ್ನೂ ನಂಬಿದವನಲ್ಲ ನಾನು. ಊರಿನ ದೈವಗಳಿಗೆ ಕೈಮುಗಿಯುತ್ತೇನೆ, ಅದು ಬೇರೆ ಮಾತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದಿನದನ್ನು ಓದಿ, ಈ ಮನುಷ್ಯನಿಗೆ ಮೊದಲಿಂದಲೂ ಇಂಥದ್ದರ ಹುಚ್ಚು ಎಂದು ನೀವು ನಗಬಹುದು. ಹಾಗೆ ನಗುತ್ತಿದ್ದವರ ಸಾಲಿನಲ್ಲಿ ಮುಂದೆ ನಿಂತವನೇ ನಾನು.

ಇಪ್ಪತ್ತೇಳು ವರ್ಷ ಮಸ್ಕತ್ತಿನಲ್ಲಿ ಒಂದು ಕಟ್ಟಡ ಕಂಪನಿಯ ಲೇಬರ್ ಕ್ಯಾಂಪ್ ನೋಡಿಕೊಂಡಿದ್ದೇನೆ. ಕ್ಯಾಂಪಿನಲ್ಲಿ ವಾರಕ್ಕೊಂದು ದೆವ್ವ ಹುಟ್ಟುತ್ತಿತ್ತು. ನೀರಿನ ಟ್ಯಾಂಕಿನ ಹಿಂದೆ ಹೆಂಗಸು ನಿಂತಿದ್ದಾಳೆ ಎಂದು ಒಬ್ಬ, ಮೇಲಿನ ಮಂಚ ತಾನಾಗಿ ಅಲುಗುತ್ತದೆ ಎಂದು ಇನ್ನೊಬ್ಬ. ನಾನು ಟಾರ್ಚ್ ಹಿಡಿದು ಹೋಗಿ ನೋಡಿದರೆ ಟ್ಯಾಂಕಿನ ಹಿಂದೆ ಯಾರೋ ಒಣಗಲು ಹಾಕಿದ ಲುಂಗಿ ಇರುತ್ತಿತ್ತು. ಜಿನ್ನುಗಳ ಊರೆಂದು ಇಲ್ಲಿಯವರು ಹೇಳುವ ಬಹ್ಲಾದಲ್ಲಿ ಸೈಟಿನ ಕೆಲಸಕ್ಕೆಂದು ಎರಡು ತಿಂಗಳು ಇದ್ದೆ. ಅಲ್ಲಿ ನನ್ನನ್ನು ಮುಟ್ಟಿದ್ದು ಸೊಳ್ಳೆಗಳು ಮಾತ್ರ.

ಈಗ ಹೇಳಹೊರಟಿರುವುದು ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ನಡೆದದ್ದು. ಅದನ್ನು ಹೇಳಬೇಕಾದರೆ ನನ್ನ ಮಕ್ಕಳು ನನಗೆ ಮಾಡಿದ ಮೋಸವನ್ನೂ ಹೇಳಬೇಕಾಗುತ್ತದೆ. ಮೋಸ ಎಂಬ ಮಾತು ದೊಡ್ಡದಾಯಿತೇನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅದಕ್ಕಿಂತ ಚಿಕ್ಕ ಮಾತು ನನಗೆ ಸಿಕ್ಕಿಲ್ಲ.

ಗಲ್ಫಿನಲ್ಲಿ ಬದುಕಿದವರಿಗೆಲ್ಲ ಗೊತ್ತಿರುವ ಒಂದು ಸುಳ್ಳಿದೆ. ಊರಿನಲ್ಲಿ ಮನೆಯವರು ಯಾರಾದರೂ ತೀರಿಕೊಂಡರೆ ಇಲ್ಲಿರುವವನಿಗೆ ಹಾಗೆಂದು ಯಾರೂ ಹೇಳುವುದಿಲ್ಲ. "ಸ್ವಲ್ಪ ಸೀರಿಯಸ್, ಹೊರಟು ಬಾ" ಎನ್ನುತ್ತಾರೆ. ವಿಮಾನದಲ್ಲಿ ಒಬ್ಬನೇ ಕೂತು ಬರುವವನ ಎದೆ ಒಡೆಯಬಾರದು ಎಂಬ ಕರುಣೆ ಅದು. ನಮ್ಮ ಕ್ಯಾಂಪಿನಲ್ಲಿ ಆ ಸುಳ್ಳು ಹೇಳುವ ಕೆಲಸ ನನ್ನದಾಗಿತ್ತು. ರಜೆಯೋ ಟಿಕೆಟ್ಟೋ ಸಿಗದೆ ಹೋಗಲಾಗದವನಿದ್ದರೆ ಅವನ ಕೈಯಿಂದ ಫೋನು ತೆಗೆದುಕೊಂಡು, ಅವನ ಪರವಾಗಿ ಊರಿಗೆ ಮೆಸೇಜು ಹಾಕುತ್ತಿದ್ದವನೂ ನಾನೇ. "ನನಗಾಗಿ ಕಾಯಬೇಡಿ, ಕಾರ್ಯ ಮುಂದುವರಿಸಿ." ಪ್ರತಿ ಸಲ ಇದೇ ವಾಕ್ಯ. ಬಾರದವನಿಗಾಗಿ ಹೆಣ ಇಟ್ಟುಕೊಂಡು ಕಾಯುವುದು ಎಂಥ ಸಂಕಟ ಎಂದು ನನಗೆ ಗೊತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಈ ಕಥೆಗಳನ್ನು ಮಕ್ಕಳಿಗೆ ಹೇಳುತ್ತಿದ್ದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೆ.

ಮಕ್ಕಳು ಇಬ್ಬರು. ದೊಡ್ಡವನು ಪ್ರಶಾಂತ, ಸೊಹಾರಿನ ಒಂದು ಕಂಪನಿಯಲ್ಲಿ ಎಂಜಿನಿಯರ್, ಆಗ ಮೂವತ್ತು ವರ್ಷ. ಚಿಕ್ಕವಳು ನಿವೇದಿತಾ, ನಾವು ಕರೆಯುವುದು ನಿವಿ, ಅಲ್ ಅಜೈಬಾದ ಕ್ಲಿನಿಕ್ಕೊಂದರಲ್ಲಿ ಔಷಧಿ ಕೊಡುವವಳು. ಅವರ ತಾಯಿ ಹೋಗಿ ಆಗಲೇ ಆರು ವರ್ಷವಾಗಿತ್ತು. ನಾನು ಮಸ್ಕತ್ತಿನ ಪಕ್ಕದ ಸೀಬಿನ ಫ್ಲಾಟಿನಲ್ಲಿ ನಿವಿಯ ಜೊತೆಗಿದ್ದೆ. ಆ ವರ್ಷ ನನ್ನ ಎದೆಗೆ ಒಂದು ಸ್ಟೆಂಟ್ ಬಿದ್ದಿತ್ತು. ಅದಾದ ಮೇಲೆ ನನ್ನ ಅನ್ನ, ಉಪ್ಪು, ನಡಿಗೆ ಎಲ್ಲಕ್ಕೂ ನಿವಿಯೇ ಯಜಮಾನಿ.

ಇನ್ನೊಬ್ಬನಿದ್ದ, ನನ್ನ ಅಣ್ಣ ದಾಮೋದರ. ಪುತ್ತೂರಿನ ಕಡೆಯ ನಮ್ಮ ಹಳ್ಳಿಯಲ್ಲಿದ್ದ. ನನಗಿಂತ ಒಂಬತ್ತು ವರ್ಷ ದೊಡ್ಡವನು. ಅಪ್ಪ ಬೇಗ ಹೋದದ್ದರಿಂದ ನನ್ನನ್ನು ಓದಿಸಿದ್ದು, ವೀಸಾ ಮಾಡಿಸಿ ಇಲ್ಲಿಗೆ ಕಳಿಸಿದ್ದು ಎಲ್ಲ ಅವನೇ. ಆದರೆ ನನಗೆ ಅವನೆಂದರೆ ಮೊದಲು ನೆನಪಾಗುವುದು ಬೇಟೆ. ಗದ್ದೆಗೆ ನುಗ್ಗುವ ಹಂದಿಯ ಹಿಂದೆ ಹತ್ತಾರು ಜನ ಹೋಗುತ್ತಿದ್ದ ಕಾಲ ಅದು. ಅಪರಾಧವೆಂಬ ಪರಿವೆ ಆಗ ಯಾರಿಗೂ ಇರಲಿಲ್ಲ. ಕೋವಿ ಹಿಡಿದವರು ಬೇರೆಯವರು. ಅಣ್ಣನದು ಜಾಡು ಹಿಡಿಯುವ ಕೆಲಸ. ಮಣ್ಣಿನ ಮೇಲೊಂದು ಗುರುತು ಕಂಡರೆ ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ಅಳೆಯುತ್ತಿದ್ದ. ಹೆಜ್ಜೆಯ ಮೇಲೆ ಕಾಲಿಡಬಾರದು, ಅರ್ಧ ಅಡಿ ಪಕ್ಕಕ್ಕೆ ಸರಿದು ಜೊತೆಯಲ್ಲಿ ನಡೆಯಬೇಕು ಎಂದು ನನಗೆ ಕಲಿಸಿದ. "ಬಾಯಿ ಸುಳ್ಳು ಹೇಳ್ತದೆ, ಹೆಜ್ಜೆ ಹೇಳುದಿಲ್ಲ ಮಾರಾಯ" ಎನ್ನುತ್ತಿದ್ದ. ಅವನು ಚಪ್ಪಲಿ ಹಾಕುತ್ತಿರಲಿಲ್ಲ. ಹುಡುಗನಾಗಿದ್ದಾಗ ಕತ್ತಿ ಬಿದ್ದು ಎಡಗಾಲಿನ ಕಿರುಬೆರಳು ಹೋಗಿತ್ತು. ಪಕ್ಕದ ಬೆರಳು ಆ ಖಾಲಿ ಜಾಗಕ್ಕೆ ಓರೆಯಾಗಿ ವಾಲಿಕೊಂಡಿತ್ತು. ಹಿಮ್ಮಡಿಯ ಹೊರಬದಿಗೆ ಭಾರ ಕೊಟ್ಟು ಸ್ವಲ್ಪ ಕುಂಟಿ ನಡೆಯುತ್ತಿದ್ದ. ಅವನ ಹೆಜ್ಜೆ ಸಂತೆಯ ಧೂಳಿನಲ್ಲಿದ್ದರೂ ನಾನು ಗುರುತಿಸುತ್ತಿದ್ದೆ.

ಸ್ಟೆಂಟ್ ಬಿದ್ದ ಮೇಲೆ ನನಗೊಂದು ಆಸೆ ಹುಟ್ಟಿತು. ಕೆಲಸದಿಂದ ಬಿಡುಗಡೆಯಾಗಿ ಊರಿಗೆ ಹೊರಡುವ ಮೊದಲು, ಬೆಳೆದ ಇಬ್ಬರು ಮಕ್ಕಳನ್ನು ಒಮ್ಮೆ ಬೇಟೆಗೆ ಕರೆದುಕೊಂಡು ಹೋಗಬೇಕು. ಒಮಾನಿನ ನಡುನಾಡಿನ ಮರಳುಗಾಡಿನಲ್ಲಿ ಆಡಿನಷ್ಟೇ ಎತ್ತರದ ಜಿಂಕೆಗಳಿವೆ. ಹೊಡೆದರೆ ನೇರ ಜೈಲು. ಹೊಡೆಯುವ ಮನಸ್ಸೂ ನನಗಿರಲಿಲ್ಲ. ಜಾಡು ಹಿಡಿದು, ಹತ್ತಿರ ಹೋಗಿ, ಕಣ್ತುಂಬ ನೋಡಿ, ಒಂದು ಫೋಟೋ ತೆಗೆದರೆ ನಮ್ಮ ಬೇಟೆ ಮುಗಿಯಿತು.

ಪ್ರವಾಸದವರನ್ನು ವಿಚಾರಿಸಿದರೆ ಅವರು ಹೇಳಿದ ಹಣಕ್ಕೆ ಮೂವರೂ ಊರಿಗೆ ಹೋಗಿ ಬರಬಹುದಿತ್ತು. ಹಾಗಾಗಿ ಹಾಸಿಗೆ ಇದ್ದಷ್ಟು ಕಾಲು ಚಾಚುವ ನನ್ನದೇ ಯೋಜನೆ ಶುರುವಾಯಿತು. ಕಂಪನಿಯಲ್ಲಿ ಡ್ರೈವರಾಗಿದ್ದ ಸೈಫ್ ನಿವೃತ್ತನಾಗಿ ಅದೇ ಮರಳುಗಾಡಿನ ಹೈಮಾ ಊರಿನ ಆಚೆ ಒಂಟೆ ಸಾಕಿಕೊಂಡಿದ್ದ. ಹೆದ್ದಾರಿಯಿಂದ ಒಳಗೆ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇನೆ, ಖರ್ಚಿನ ಮಾತೆತ್ತಬೇಡ ಎಂದ. ಟೆಂಟು ಪಕ್ಕದ ಫ್ಲಾಟಿನವರದು. ಸೌದೆಗೆ ಅಲ್ ಮಬೇಲಾದ ವರ್ಕ್‌ಶಾಪೊಂದರ ಹಿಂದೆ ಬಿದ್ದಿದ್ದ ಮುರಿದ ಪ್ಯಾಲೆಟ್ ಹಲಗೆಗಳು. ಕೋಳಿಗೆ ಮಸಾಲೆ ಹಚ್ಚಿ ಫ್ರೀಜರಿನಲ್ಲಿಟ್ಟದ್ದು ನಾನೇ. ಊರಿನ ಬೇಟೆಯಲ್ಲಿ ಗುಂಡು ಹೊಡೆದವನಿಗೆ ತಲೆ, ಉಳಿದವರಿಗೆ ಸಮಪಾಲು, ನಾಯಿಗೂ ಒಂದು ಪಾಲು. ನಮ್ಮಲ್ಲಿ ಜಿಂಕೆಯನ್ನು ಮೊದಲು ಕಂಡವರಿಗೆ ಕೋಳಿಯ ಎರಡೂ ಕಾಲು ಎಂದು ನಿಯಮ ಮಾಡಿದೆ.

ಪ್ರತಿ ಶುಕ್ರವಾರ ಅಣ್ಣನಿಗೆ ಫೋನು ಮಾಡಿ ಯೋಜನೆಯ ವರದಿ ಒಪ್ಪಿಸುತ್ತಿದ್ದೆ. ಅವನು ಅಲ್ಲಿಂದಲೇ ಗಾಳಿ ಎದುರಿನಿಂದ ಬರಬೇಕು, ಬಿಸಿಲು ಓರೆಯಾದ ಮೇಲೆ ಜಾಡು ನೋಡಬೇಕು ಎಂದು ಪಾಠ ಮಾಡುತ್ತಿದ್ದ. ಕೊನೆಯ ಸಲ ಮಾತಾಡಿದಾಗ ಸ್ವರ ಸೋತಿತ್ತು. ಕೇಳಿದರೆ, "ಶೀತ ಮಾರಾಯ, ಬೇರೆಂತ ಇಲ್ಲ" ಎಂದ. ಆಮೇಲೆ, "ಹೆಜ್ಜೆ ಕಂಡ್ರೆ ಫೋಟೋ ಕಳ್ಸು. ಯಾರದ್ದು ಅಂತ ನಾನು ಹೇಳ್ತೇನೆ" ಎಂದು ನಕ್ಕ. ಅವನಿಗೆ ಸಕ್ಕರೆ ಕಾಯಿಲೆ ಇತ್ತು, ಕಾಲಿಗೊಂದು ಹುಣ್ಣು ಆಗಿತ್ತು. ನನಗೆ ಗೊತ್ತಿದ್ದದ್ದು ಅಷ್ಟೇ.

ಶುಕ್ರವಾರ ನಸುಕಿಗೆ ಸೀಬಿನಿಂದ ಹೊರಟೆವು. ಪ್ರಶಾಂತನ ಕಾರು. ನಿಜ್ವಾ ದಾಟಿ, ಆದಮ್ ದಾಟಿ, ಆಮೇಲೆ ನೇರ ರಸ್ತೆ. ದಾರಿಯುದ್ದಕ್ಕೂ ನಾನು ಒಬ್ಬನೇ ಮಾತಾಡಿದ್ದು. ಹನ್ನೊಂದರ ಹೊತ್ತಿಗೆ ಹೈಮಾಕ್ಕಿಂತ ಮೊದಲೊಂದು ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದೆವು. ಸೈಫ್ ಅಲ್ಲಿಗೇ ಬಂದು ನಮ್ಮನ್ನು ಸೇರಿಕೊಳ್ಳುವವನು. ಅದರಿಂದಾಚೆ ಫೋನಿಗೆ ಸಿಗ್ನಲ್ ಇಲ್ಲ. ನನ್ನ ಫೋನು ಕಾರಿನಲ್ಲಿ ಚಾರ್ಜಿಗಿತ್ತು. ನಾನು ಸೈಫನ ಜೊತೆ ಪಕ್ಕದ ಕ್ಯಾಫೆಟೇರಿಯಾದಲ್ಲಿ ಚಹಾ ಕುಡಿಯುತ್ತ ಕೂತೆ. ಐಸ್ ತರುತ್ತೇವೆಂದು ಹೋದ ಮಕ್ಕಳು ಅರ್ಧ ಗಂಟೆಯಾದರೂ ಬರಲಿಲ್ಲ. ಎದ್ದು ನೋಡಿದರೆ ಅಂಗಡಿಯ ಹಿಂದಿನ ನೆರಳಿನಲ್ಲಿ ಇಬ್ಬರೂ ನಿಂತಿದ್ದರು. ನಿವಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಎಂತ ಆಯ್ತು?" ಎಂದೆ.

"ಧೂಳು ಪಪ್ಪ," ಎಂದಳು. "ಐಸ್ ಖಾಲಿಯಂತೆ. ನೀವು ಮಾತ್ರೆ ತಗೊಂಡ್ರಾ?"

ತೆಗೆದುಕೊಂಡಿದ್ದೆ. ಅಣ್ಣನಿಗೆ ಒಮ್ಮೆ ಫೋನು ಮಾಡುತ್ತೇನೆ, ಆಮೇಲೆ ಸಿಗ್ನಲ್ ಸಿಗುವುದಿಲ್ಲ ಎಂದೆ. ಪ್ರಶಾಂತ ಕಾರಿನತ್ತ ನೋಡಿ, "ನಿಮ್ಮ ಫೋನ್ ಸ್ವಿಚ್ ಆಫ್ ಆಗಿದೆ ಪಪ್ಪ. ಚಾರ್ಜ್ ಆಗ್ತಾ ಇಲ್ಲ. ಕೇಬಲ್ ಹೋಗಿರ್ಬೇಕು" ಎಂದ. ಹಾಳಾಗಿ ಹೋಗಲಿ, ಫೋಟೋ ಸಮೇತ ನಾಳೆಯೇ ಮಾತಾಡಿದರಾಯಿತು ಎಂದುಕೊಂಡೆ. ಸೈಫ್ "ಯಲ್ಲಾ" ಎಂದು ಹೊರಡಲು ಎದ್ದ.

ಸೈಫನ ಒಂಟೆ ಕೊಟ್ಟಿಗೆ ಮುಟ್ಟುವಾಗ ಮಧ್ಯಾಹ್ನ ಒಂದಾಗಿತ್ತು. ಅವನ ಮನೆಯಿಂದ ಬಂದ ಅನ್ನ ಮಾಂಸ ಉಂಡೆವು. ಮಕ್ಕಳು ತಟ್ಟೆಯಲ್ಲಿ ಕೈಯಾಡಿಸಿದರು ಅಷ್ಟೇ. ಮೂರು ಗಂಟೆಗೆ ಸೈಫ್ ನಮ್ಮನ್ನು ಇನ್ನೂ ಒಂದಷ್ಟು ದೂರ ಕೊಂಡುಹೋಗಿ, ಜಿಂಕೆಗಳು ಸಂಜೆ ಈ ಕುರುಚಲು ಗಿಡಗಳ ಕಡೆ ಬರುತ್ತವೆ ಎಂದು ತೋರಿಸಿದ. ಗಾಡಿಯ ಸದ್ದಿಗೆ ಅವು ಓಡಬಾರದೆಂದು ತಾನು ಅಲ್ಲೇ ನಿಂತ. ನಾವು ಮೂವರೇ ನಡೆದೆವು.

ಆ ನೆಲ ಹೇಗಿತ್ತು ಎಂದು ಹೇಳಬೇಕು, ಅದು ಮುಖ್ಯ. ಬಲಗಡೆ ಉದ್ದಕ್ಕೂ ಗಟ್ಟಿ ಕಲ್ಲುಜಲ್ಲಿಯ ಬಯಲು. ಅದರ ಮೇಲೆ ಲಾರಿ ಹೋದರೂ ಗುರುತು ಉಳಿಯದು. ಎಡಗಡೆ ಅದಕ್ಕೆ ಅಂಟಿಕೊಂಡೇ ಒಂದು ಮಾರು ಅಗಲದ ಮೆತ್ತನೆ ಮರಳಿನ ಪಟ್ಟಿ. ಆ ಪಟ್ಟಿಯ ಮೇಲೆ ನನಗೆ ಗೊರಸು ಕಂಡಿತು. ಎರಡಾಗಿ ಸೀಳಿದ ಪುಟ್ಟ ಗುರುತು, ಅಂಚು ಇನ್ನೂ ಕುಸಿಯದ್ದು. ನಲವತ್ತು ವರ್ಷದ ಮೇಲೆ ಜಾಡು ಹಿಡಿದಿದ್ದೆ. ಮಕ್ಕಳ ಮುಂದೆ ನಾಚಿಕೆ ಬಿಟ್ಟು ಮೊಣಕಾಲೂರಿ ಕೂತೆ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಪಕ್ಕದಲ್ಲಿಟ್ಟೆ.

ಆಗ ನೋಡಿದೆ. ಗೊರಸಿನ ಗುರುತಿನಿಂದ ಅರ್ಧ ಅಡಿ ಪಕ್ಕಕ್ಕೆ ಮನುಷ್ಯನ ಬರಿಗಾಲಿನ ಹೆಜ್ಜೆ ಇತ್ತು. ಎಡಗಾಲು. ನಾಲ್ಕೇ ಬೆರಳು. ನಾಲ್ಕನೆಯದು ಓರೆಯಾಗಿ ಹೊರಗೆ ವಾಲಿತ್ತು. ಹಿಮ್ಮಡಿಯ ಹೊರಬದಿ ಆಳವಾಗಿ ಇಳಿದಿತ್ತು, ಅಣ್ಣ ನಡೆಯುತ್ತಿದ್ದಂತೆಯೇ.

ನನಗೆ ಹೆದರಿಕೆಯಾಗಲಿಲ್ಲ, ನಂಬಿ. ನಗು ಬಂತು. ಯಾವನೋ ಒಂಟೆ ಕಾಯುವವನದು ಇರಬೇಕು, ಅವನಿಗೂ ಬೆರಳು ಹೋಗಿರಬೇಕು, ಎಂಥ ಹೋಲಿಕೆ ಎಂದುಕೊಂಡೆ. ಎದ್ದು ಆ ಹೆಜ್ಜೆಗಳ ಜೊತೆಗೇ ಸ್ವಲ್ಪ ದೂರ ನಡೆದು, ಬೆಂಕಿಪೊಟ್ಟಣದ ಬಳಿಗೇ ಮರಳಿ ಬಂದೆ. ಅವು ಜಿಂಕೆಯ ಜಾಡನ್ನು ಒಮ್ಮೆಯೂ ತುಳಿದಿರಲಿಲ್ಲ. ಅರ್ಧ ಅಡಿ ಪಕ್ಕಕ್ಕೆ, ಕಲಿತವನ ಹಾಗೆ, ಜೊತೆಯಲ್ಲೇ ಹೋಗಿದ್ದವು. ಎಲ್ಲವೂ ಎಡಗಾಲು. ಒಂದು ಬಲಗಾಲೂ ಇಲ್ಲ. ಅದಕ್ಕೂ ಉತ್ತರ ನನ್ನಲ್ಲಿತ್ತು. ಆಸಾಮಿ ಬಲಗಾಲನ್ನು ಜಲ್ಲಿಯ ಮೇಲಿಟ್ಟು, ಎಡಗಾಲನ್ನು ಮರಳಿನ ಮೇಲಿಟ್ಟು ಅಂಚಿನಲ್ಲಿ ನಡೆದಿದ್ದಾನೆ, ಅಷ್ಟೆ.

"ಇಲ್ಲಿ ಬನ್ನಿ," ಎಂದು ಮಕ್ಕಳನ್ನು ಕರೆದೆ. "ನೋಡಿ, ನಿಮ್ಮ ದೊಡ್ಡಪ್ಪ ನಮಗಿಂತ ಮೊದ್ಲೇ ಬಂದು ಹೋಗಿದ್ದಾನೆ!"

ಪ್ರಶಾಂತ ಬಗ್ಗಿ ನೋಡಿದ. ಅವನ ಮುಖದ ಬಣ್ಣ ಹೋಯಿತು. ನಿವಿ ಎರಡು ಹೆಜ್ಜೆ ಹಿಂದೆ ಸರಿದಳು. ಪೇಟೆಯಲ್ಲಿ ಬೆಳೆದ ಮಕ್ಕಳು, ಬೇಗ ಹೆದರುತ್ತವೆ ಎಂದು ಒಳಗೊಳಗೇ ನಗುತ್ತ, "ಫೋಟೋ ತೆಗಿ ನಿವಿ, ಅವನಿಗೇ ಕಳಿಸುವ. ಯಾರದ್ದು ಅಂತ ಹೇಳ್ಲಿ" ಎಂದೆ. ಅವಳು ಫೋನು ಎತ್ತಿದಳು. ಒಂದು ತೆಗೆದಳು.

ಆ ಹೆಜ್ಜೆಗಳು ಐವತ್ತರಷ್ಟು ಇದ್ದವು. ಆಮೇಲೊಂದು ಸಣ್ಣ ದಿಬ್ಬದ ಬುಡದಲ್ಲಿ, ನಾಲ್ಕೂ ಕಡೆ ಮರಳೇ ಇದ್ದ ಜಾಗದಲ್ಲಿ, ಇಲ್ಲವಾದವು. ತಿರುಗಿ ಹೋದ ಗುರುತಿಲ್ಲ. ಜಿಂಕೆಯ ಜಾಡು ಮಾತ್ರ ದಿಬ್ಬ ಹತ್ತಿತ್ತು. ನಾನು ನಿಂತು ಅದನ್ನೇ ಯೋಚಿಸುತ್ತಿದ್ದಾಗ ಪ್ರಶಾಂತ ನನ್ನ ತೋಳು ಹಿಡಿದು ಮೇಲೆ ತೋರಿಸಿದ. ದಿಬ್ಬದ ಆಚೆ ಮೂರು ಜಿಂಕೆಗಳು ನಿಂತು ನಮ್ಮನ್ನೇ ನೋಡುತ್ತಿದ್ದವು. ಬಿಸಿಲು ಓರೆಯಾಗಿತ್ತು, ಗಾಳಿ ಎದುರಿನಿಂದ ಬರುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತೆವೋ ಗೊತ್ತಿಲ್ಲ. ಪಕ್ಕಕ್ಕೆ ತಿರುಗಿದರೆ ನನ್ನ ಇಬ್ಬರು ಮಕ್ಕಳೂ ಅಳುತ್ತಿದ್ದರು. ಜಿಂಕೆಯನ್ನು ಕಂಡು ಅಳುವಷ್ಟು ಒಳ್ಳೆಯ ಮನಸ್ಸಿನ ಮಕ್ಕಳನ್ನು ಬೆಳೆಸಿದೆನಲ್ಲ ಎಂದು ನನಗೆ ಹೆಮ್ಮೆಯಾಯಿತು.

ಸಂಜೆ ಪ್ಯಾಲೆಟ್ ಹಲಗೆಗೆ ಬೆಂಕಿ ಹಾಕಿ ಕೋಳಿ ಸುಟ್ಟೆ. ಮೊದಲು ಕಂಡವನೆಂದು ಎರಡೂ ಕಾಲನ್ನು ಪ್ರಶಾಂತನ ತಟ್ಟೆಗೆ ಹಾಕಿದೆ. ಅವನು ಅದನ್ನು ಹಾಗೇ ಹಿಡಿದುಕೊಂಡು ಕೂತ. ನಾನು ಅಣ್ಣನ ಹಂದಿ ಬೇಟೆಯ ಕಥೆಗಳನ್ನು ಹೇಳಿದೆ. ಅವನಂತೆ ಕುಂಟಿ ನಡೆದು ತೋರಿಸಿದೆ. ಸೈಫ್ ಬಿದ್ದುಬಿದ್ದು ನಕ್ಕ. ಮಕ್ಕಳೂ ನಕ್ಕರು. ಹೌದು, ನಕ್ಕರು. ಅದು ನನಗೆ ಚೆನ್ನಾಗಿ ನೆನಪಿದೆ.

ಮರುದಿನ ಹಿಂದಿರುಗುವಾಗ ಅದೇ ಪಂಪಿನಲ್ಲಿ ನಿಂತೆವು. ಪ್ರಶಾಂತ ಪೆಟ್ರೋಲ್ ಹಾಕಿಸುತ್ತಿದ್ದ, ನಿವಿ ನೀರು ತರಲು ಹೋಗಿದ್ದಳು. ನಾನು ಕಾರಿನೊಳಗೆ ಕೂತು ಸುಮ್ಮನೆ ನನ್ನ ಫೋನಿನ ಗುಂಡಿ ಒತ್ತಿದೆ. ಹೊತ್ತಿಕೊಂಡಿತು. ತೊಂಬತ್ತು ಶೇಕಡಾ ಚಾರ್ಜಿತ್ತು. ಆಮೇಲೆ ಮೆಸೇಜುಗಳು ಬರತೊಡಗಿದವು. ಕೈಮುಗಿದ ಚಿತ್ರಗಳು, ಓಂ ಶಾಂತಿಗಳು. ಅಣ್ಣನ ಫೋಟೋ ಹಾಕಿ, ಹೂವಿನ ಹಾರದ ಚೌಕಟ್ಟು ಕಟ್ಟಿದ್ದರು.

ಮೆಸೇಜುಗಳನ್ನು ಸರಿಸುತ್ತ ಅಣ್ಣನ ಮಗ ಹರೀಶ ಹಿಂದಿನ ದಿನ ಕಳಿಸಿದ್ದನ್ನು ಹುಡುಕಿದೆ. "ಚಿಕ್ಕಪ್ಪ, ಅಪ್ಪ ಹೋದರು. ನೀವು ಬರುವುದಾದರೆ ನಾಳೆ ಬೆಳಿಗ್ಗೆಯವರೆಗೆ ಇಡುತ್ತೇವೆ. ಬೇಗ ಹೇಳಿ." ಅದರ ಕೆಳಗೆ, ನನ್ನ ಹೆಸರಿನಲ್ಲಿ, ನನ್ನ ಫೋನಿನಿಂದ ಹೋದ ಉತ್ತರವಿತ್ತು. "ನನಗಾಗಿ ಕಾಯಬೇಡಿ, ಕಾರ್ಯ ಮುಂದುವರಿಸಿ." ಅದರ ಕೆಳಗೆ ಹರೀಶ ಬರೆದದ್ದು ಇಷ್ಟೇ, "ಆಯ್ತು ಚಿಕ್ಕಪ್ಪ."

ಗುರುವಿಗೇ ತಿರುಮಂತ್ರ ಎನ್ನುತ್ತಾರಲ್ಲ, ಒಂದಕ್ಷರ ಆಚೀಚೆಯಾಗದೆ ನನ್ನ ಮಂತ್ರವೇ ನನಗೆ ತಿರುಗಿತ್ತು. ಕಾರಿನಿಂದಿಳಿದೆ. ಮಕ್ಕಳಿಬ್ಬರೂ ನನ್ನ ಕೈಯಲ್ಲಿ ಫೋನು ಹೊತ್ತಿರುವುದನ್ನು ನೋಡಿ ಅಲ್ಲೇ ನಿಂತರು.

"ಇದು ಬರ್ದದ್ದು ಯಾರು?"

"ನಾನು," ಎಂದ ಪ್ರಶಾಂತ.

"ಬರೀಲಿಕ್ಕೆ ಹೇಳಿದ್ದು ನಾನು ಪಪ್ಪ," ಎಂದಳು ನಿವಿ. "ಸ್ಟೆಂಟ್ ಹಾಕಿ ನಾಲ್ಕು ತಿಂಗಳಾಗ್ಲಿಲ್ಲ. ಶಾಕ್ ಆಗ್ಬಾರ್ದು ಅಂತ ಡಾಕ್ಟರ್ ಹೇಳಿದ್ದು ನೆನಪುಂಟಲ್ಲ? ಅಲ್ಲಿ ಹೋಗಿ ನಿಮಗೆಂತಾದ್ರೂ ಆದ್ರೆ ನಾವು ಎಂತ ಮಾಡುದು? ಅಮ್ಮ ಹೋದ್ಮೇಲೆ ನಮಗೆ ಇರುದು ನೀವೊಬ್ರೇ."

"ನೀವೇ ಹೇಳ್ತಿದ್ರಲ್ಲ ಪಪ್ಪ," ಎಂದ ಪ್ರಶಾಂತ ತಲೆತಗ್ಗಿಸಿ, "ಬಂದು ಮುಟ್ಲಿಕ್ಕೆ ಆಗದವನಿಗೋಸ್ಕರ ಕಾಯಿಸ್ಬಾರ್ದು ಅಂತ."

"ನಾನು ಮುಟ್ತಿದ್ದೆ," ಎಂದೆ. "ನಿನ್ನೆ ಇಲ್ಲಿಂದ್ಲೇ ಕಾರು ತಿರುಗಿಸಿದ್ರೆ ರಾತ್ರಿಯ ಫ್ಲೈಟಿಗೆ ಹತ್ತಿ ಬೆಳಿಗ್ಗೆ ಅವನ ಮುಖ ನೋಡ್ತಿದ್ದೆ. ನೀವು ನನ್ನನ್ನು ಅವನ ಹಾಗೆ ಕುಂಟಿ ಕುಣಿಲಿಕ್ಕೆ ಬಿಟ್ಟು ನೋಡ್ತಾ ಕೂತ್ರಿ."

ಪ್ರಶಾಂತ ಸೀಬಿನವರೆಗೆ ಎಲ್ಲೂ ನಿಲ್ಲಿಸದೆ ಕಾರು ಓಡಿಸಿದ. ಅದೇ ರಾತ್ರಿ ನಾನು ಒಬ್ಬನೇ ಊರಿಗೆ ಹೊರಟೆ. ಏರ್‌ಪೋರ್ಟಿನವರೆಗೆ ಬಿಡುತ್ತೇನೆಂದ ಮಗನನ್ನು ಬೇಡವೆಂದು ಟ್ಯಾಕ್ಸಿ ಹಿಡಿದೆ. ನನ್ನ ಹೃದಯಕ್ಕೆ ಏನೂ ಆಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಊರಿನಲ್ಲಿ ನನಗಾಗಿ ಉಳಿದದ್ದು ಬೂದಿ. ಅತ್ತಿಗೆ ನನ್ನ ಮುಖ ನೋಡಲಿಲ್ಲ. ಕೊನೆಗೆ ಒಂದೇ ಮಾತು, "ಬೇಟೆಗೆ ಹೋಗಿದ್ದಿರಂತಲ್ಲ" ಎಂದರು. ಆ ಮೆಸೇಜು ನಾನು ಬರೆದದ್ದಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಮಕ್ಕಳ ಹೆಸರು ಹೇಳಬೇಕು. ತೆರೆದ ಬಾಯಿ ಮುಚ್ಚಿಕೊಂಡೆ. ನನ್ನನ್ನು ಸಾಕಿದ ಅಣ್ಣನ ಹೆಣಕ್ಕಿಂತ ಜಿಂಕೆಯನ್ನು ನೋಡುವುದು ನನಗೆ ಹೆಚ್ಚಾಯಿತು ಎಂದು ಆ ಮನೆಯವರು ಇಂದಿಗೂ ತಿಳಿದಿದ್ದಾರೆ.

ಆ ಸಂಜೆ ಅಣ್ಣನನ್ನು ಸುಟ್ಟ ಜಾಗಕ್ಕೆ ಹರೀಶ ನನ್ನನ್ನು ಕರೆದುಕೊಂಡು ಹೋದ. ಎಷ್ಟು ಹೊತ್ತಿಗೆ ಬೆಂಕಿ ಕೊಟ್ಟಿರಿ ಎಂದು ಕೇಳಿದೆ. ಐದೂವರೆಗೆ ಎಂದ. ಒಮಾನಿನಲ್ಲಿ ಆಗ ನಾಲ್ಕು ಗಂಟೆ, ನಾನು ಆ ಹೆಜ್ಜೆಗಳನ್ನು ಕಂಡ ಹೊತ್ತು. ಲೆಕ್ಕ ಹಾಕಿದವನೇ ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ನನ್ನನ್ನು ಸಮಾಧಾನಪಡಿಸಲು ಹರೀಶ, "ಅಪ್ಪನಿಗೆ ಕಷ್ಟ ಕಮ್ಮಿ ಆಯ್ತು ಚಿಕ್ಕಪ್ಪ. ಬಲಗಾಲು ತೆಗೆದ ಮೇಲೆ ಅವ್ರು ಮನಸ್ಸಿನಲ್ಲಿ ಕುಗ್ಗಿದ್ರು" ಎಂದ.

"ಯಾವ ಬಲಗಾಲು?"

ಅವನು ನನ್ನನ್ನೇ ನೋಡಿದ. ಸಕ್ಕರೆಯ ಹುಣ್ಣು ಏರಿ ಎರಡು ತಿಂಗಳ ಹಿಂದೆ ಅಣ್ಣನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ನನ್ನ ಎದೆಯ ವಿಷಯ ಕೇಳಿದ್ದ ಅಣ್ಣನೇ ನನಗೆ ತಿಳಿಸಬೇಡಿ ಎಂದಿದ್ದನಂತೆ. ಪ್ರಶಾಂತನಿಗೂ ನಿವಿಗೂ ಗೊತ್ತಿತ್ತು. ಪ್ರತಿ ಶುಕ್ರವಾರ ಗಾಳಿ, ಬಿಸಿಲು, ಜಾಡು ಎಂದು ನನಗೆ ನಡೆಯಲು ಕಲಿಸುತ್ತಿದ್ದವನು ಒಂದೇ ಕಾಲಿನಲ್ಲಿ ಮಂಚದ ಮೇಲೆ ಮಲಗಿ ಮಾತಾಡುತ್ತಿದ್ದ. ಅಂದರೆ ಎಲ್ಲರೂ ಸೇರಿ ನನಗೆ ಸುಳ್ಳು ಹೇಳಿದ್ದರು. ಅಣ್ಣನೂ ಸೇರಿ.

ಇಲ್ಲಿಂದ ಮುಂದೆ ನಾನು ನನ್ನ ಬುದ್ಧಿಯನ್ನು ಎಷ್ಟು ಓಡಿಸಿದರೂ ಅದು ಅದೇ ಮರಳಿನ ಪಟ್ಟಿಯ ಮೇಲೆ ಬಂದು ನಿಲ್ಲುತ್ತದೆ. ಮಸ್ಕತ್ತಿಗೆ ಮರಳಿದ ಮೇಲೆ ಸೈಫನನ್ನು ಕೇಳಿದೆ. ಆ ಕಡೆ ಬರಿಗಾಲಿನಲ್ಲಿ ನಡೆಯುವ, ಎಡಗಾಲಿನ ಬೆರಳಿಲ್ಲದ ಒಂಟೆ ಕಾಯುವವನು ಯಾರಾದರೂ ಇದ್ದಾನೆಯೇ ಎಂದು. ಅವನಿಗೆ ಸುತ್ತಲಿನವರೆಲ್ಲ ಗೊತ್ತು. ಹಾಗೆ ಯಾರೂ ಇಲ್ಲ ಎಂದ. ಏಕೆಂದು ಕೇಳಿದವನಿಗೆ ನಡೆದದ್ದನ್ನು ಹೇಳಿದೆ. ಅಲ್ಲಾಹನಿಗೇ ಗೊತ್ತು ಎಂದು ಮಾತು ಬದಲಿಸಿದ.

ನಿವಿ ತೆಗೆದ ಫೋಟೋ ನನ್ನ ಬಳಿ ಇದೆ. ನಾಲ್ಕು ಗಂಟೆ ಆರು ನಿಮಿಷಕ್ಕೆ ತೆಗೆದದ್ದು. ಬೆಂಕಿಪೊಟ್ಟಣ ಕಾಣುತ್ತದೆ, ಜಿಂಕೆಯ ಗೊರಸು ಕಾಣುತ್ತದೆ. ಅದರ ಪಕ್ಕದಲ್ಲಿ, ಹೆಜ್ಜೆ ಇದ್ದ ಜಾಗದಲ್ಲಿ, ಫೋನು ಹಿಡಿದ ಅವಳದೇ ನೆರಳು ದಟ್ಟವಾಗಿ ಬಿದ್ದಿದೆ. ಆ ಕಪ್ಪಿನೊಳಗೆ ಏನೋ ತಗ್ಗು ಇದ್ದಂತೆ ಒಂದು ದಿನ ಕಾಣುತ್ತದೆ, ಇನ್ನೊಂದು ದಿನ ಬರೀ ಮರಳು.

ಒಂದು ವರ್ಷ ಕಳೆದ ಮೇಲೆ, ಕೋಪ ಒಂದಿಷ್ಟು ತಣಿದಾಗ, ಮಕ್ಕಳನ್ನು ಬೇರೆಬೇರೆಯಾಗಿ ಕೇಳಿದೆ. ಪ್ರಶಾಂತ, "ನೋಡಿದ್ದೇನೆ ಪಪ್ಪ. ನಾಲ್ಕೇ ಬೆರಳು. ನೀವು ಹೇಳಿದ ಹಾಗೇ ಇತ್ತು" ಎಂದ. ನಿವಿ ನನ್ನ ಕೈ ಹಿಡಿದುಕೊಂಡು, "ಅಲ್ಲೆಂತ ಇರ್ಲಿಲ್ಲ ಪಪ್ಪ. ನೀವು ತೋರಿಸಿದಲ್ಲಿ ಜಿಂಕೆಯ ಗುರುತು ಮಾತ್ರ ಇದ್ದದ್ದು. ನೀವು ದೊಡ್ಡಪ್ಪನ ಹೆಸರು ಹೇಳಿದ್ದು ಕೇಳಿಯೇ ನಾನು ಹಿಂದೆ ಸರಿದದ್ದು" ಎಂದಳು. ಮೆಸೇಜು ಬರೆದ ಮಗ, ತಪ್ಪಿಗೆ ಪ್ರಾಯಶ್ಚಿತ್ತವೆಂದು ನನ್ನ ಮನಸ್ಸಿಗೆ ಬೇಕಾದ್ದನ್ನು ಹೇಳುತ್ತಿದ್ದಾನೆಯೇ? ನನ್ನ ಎದೆ ಕಾಯುವ ಮಗಳು ಈಗ ನನ್ನ ತಲೆಯನ್ನೂ ಕಾಯಲು ಹೊರಟು ಕಂಡದ್ದನ್ನು ಮುಚ್ಚುತ್ತಿದ್ದಾಳೆಯೇ? ಇಬ್ಬರೂ ಹೇಳುವಾಗ ನನ್ನ ಕಣ್ಣಿನಲ್ಲಿ ಕಣ್ಣಿಟ್ಟೇ ಹೇಳಿದರು. ಆ ಪಂಪಿನಲ್ಲಿ ಧೂಳು ಎಂದಾಗ, ಕೇಬಲ್ ಎಂದಾಗ ಕೂಡ ಹಾಗೆಯೇ ಹೇಳಿದ್ದರು.

ಈ ಚಳಿಗಾಲಕ್ಕೆ ಮತ್ತೊಮ್ಮೆ ಹೋಗೋಣ ಎಂದು ಇಬ್ಬರೂ ಕರೆಯುತ್ತಿದ್ದಾರೆ. ನಾನು ಇನ್ನೂ ಹೂಂ ಅಂದಿಲ್ಲ. ಆಗಾಗ ಆ ಫೋಟೋ ತೆರೆದು ಕೂರುತ್ತೇನೆ. ಅದನ್ನು ನೋಡಿ ಯಾರದೆಂದು ಹೇಳಬಲ್ಲವನು ಒಬ್ಬನೇ ಇದ್ದ, ಕಳಿಸು ಎಂದೂ ಹೇಳಿದ್ದ. ನನ್ನ ಮಕ್ಕಳಲ್ಲಿ ಒಬ್ಬರು ಇವತ್ತಿಗೂ ನನಗೆ ಸುಳ್ಳು ಹೇಳುತ್ತಿದ್ದಾರೆ. ಯಾರು ಎಂದು ನನಗೆ ಗೊತ್ತಿಲ್ಲ.